ಬಸ್ಸಾರಿನ ಕಟ್ಟು ಚೆಲ್ಲಬೇಡ

ಯಲಹಂಕ ಉಪನಗರ
ಭಾನುವಾರ ರಾತ್ರಿ

ಚಿ. ಸೌ. ಸುಮಾ,

ಹೆಬ್ಬಾಳಕ್ಕೂ ಯಲಹಂಕಕ್ಕೂ ಎಷ್ಟು ದೂರ ಅಂತ ಕಾಗದ ಬರೆದಿದ್ದಾರೆ ಈ ಅಪ್ಪ, ಎಂದು ನಗಬೇಡ. ಎದುರಿಗೆ ಕೂತರೆ ನಾನು ಗದರಿಬಿಡುತ್ತೇನೆ, ನೀನು ಫೋನು ನೋಡುತ್ತೀ.

ಮಧ್ಯಾಹ್ನ ನಿಮ್ಮಮ್ಮ ಬಡಿಸಿದ ಟೊಮೆಟೊ ಸಾರನ್ನು ಆಸಿಡ್ ಅಂತ ಪಕ್ಕಕ್ಕೆ ಸರಿಸಿದೆ. ಮುದ್ದೆ ಅರ್ಧ ಮುರಿದು ಇಟ್ಟೆ. ಬೇಳೆಯೂ ಬೇಡವಂತೆ. ಬ್ಯಾಗಿನಿಂದ ಆಲ್ಕಲೈನ್ ನೀರಿನ ಬಾಟಲಿ ತೆಗೆದೆ. ಹೊರಡುವಾಗ ನಮ್ಮ ಫ್ರಿಜ್ಜಿಗೂ ಒಂದು ಪಟ್ಟಿ ಅಂಟಿಸಿದೆ, ಹಸಿರು ಕಡೆ ಕ್ಷಾರ, ಕೆಂಪು ಕಡೆ ಆಮ್ಲ. ಸೊರಗಿದ್ದೀ ಕಣಮ್ಮ. ಪಟ್ಟಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನಿನ್ನ ಕೊರಳಿನ ಮೂಳೆ.

ಆಮ್ಲ, ಕ್ಷಾರ ನನಗೆ ಹೊಸದಲ್ಲ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಮಣ್ಣಿನ ಲ್ಯಾಬಿನಲ್ಲಿ ನನ್ನ ಸರ್ವೀಸೆಲ್ಲ ಅದರಲ್ಲೇ ಹೋಯಿತು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ರೈತರು ಬಟ್ಟೆ ಚೀಲದಲ್ಲಿ ಹೊಲದ ಮಣ್ಣು ತರುವರು. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಭಟ್ಟಿ ಇಳಿಸಿದ ನೀರು ಬೆರೆಸಿ, ಗಾಜಿನ ಕಡ್ಡಿಯಲ್ಲಿ ಆಗಾಗ ತಿರುವುತ್ತಾ ಅರ್ಧ ಗಂಟೆ ಬಿಟ್ಟು ಮೀಟರು ಅದ್ದುವುದು. ಪಿಎಚ್ ಏಳಕ್ಕಿಂತ ತೀರಾ ಕೆಳಗಿದ್ದರೆ ಹುಳಿ ಮಣ್ಣು, ಸುಣ್ಣ ಹಾಕಿ. ಎಂಟೂವರೆ ದಾಟಿದರೆ ಚೌಳು, ಜಿಪ್ಸಂ ಹಾಕಿ. ಅಷ್ಟೇ ನಮ್ಮ ವೈದ್ಯ.

ಆ ಧೈರ್ಯದಲ್ಲೇ ನಾನು ಕೆಟ್ಟೆ. ನಲವತ್ತೈದು ದಾಟಿದ ಮೇಲೆ ಎದೆಯುರಿ, ಹುಳಿತೇಗು ಶುರುವಾಯಿತು. ಹುಳಿ ಮಣ್ಣಿಗೆ ಸುಣ್ಣವಾದರೆ ಹುಳಿ ಹೊಟ್ಟೆಗೆ ಸೋಡಾ ಎಂದುಕೊಂಡು, ದಿನಾ ರಾತ್ರಿ ಒಂದು ಟೀ ಚಮಚ ಅಡುಗೆ ಸೋಡಾ ನೀರಿಗೆ ಕದಡಿ ಕುಡಿದೆ. ದೊಡ್ಡದೊಂದು ತೇಗು ಬಂದು ಹಾಯೆನಿಸುವುದು. ನಿಮ್ಮಮ್ಮನಿಗೆ ಹೇಳಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಕಾಲು ಊದಿ, ಬಿಪಿ ಏರಿ ಡಾಕ್ಟರ ಮುಂದೆ ಕೂತಾಗ ಅವರು ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಅಷ್ಟು ಸೋಡಾದಲ್ಲಿ ಸುಮಾರು 1,250 ಮಿಲಿಗ್ರಾಂ ಸೋಡಿಯಂ. ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದು 2,000ಕ್ಕಿಂತ ಕಡಿಮೆ. ನನ್ನ ಉಪ್ಪಿನಕಾಯಿ ಬೇರೆ. ಎದೆಯುರಿಗೆ ಕಾರಣ, ಹತ್ತೂವರೆಗೆ ಉಂಡು ಹತ್ತೂಮುಕ್ಕಾಲಿಗೆ ಮಲಗುತ್ತಿದ್ದದ್ದು!

"ಮಣ್ಣಿಗೆ ಶ್ವಾಸಕೋಶ ಇಲ್ಲ, ಮೂತ್ರಪಿಂಡ ಇಲ್ಲ. ನಿಮಗಿದೆಯಲ್ಲ ಸ್ವಾಮಿ" ಅಂದರು ಅವರು. ನೀನು ಮುದ್ದೆ ಉಂಡರೂ ಸೌತೆಕಾಯಿ ತಿಂದರೂ ಶ್ವಾಸಕೋಶ, ಮೂತ್ರಪಿಂಡ ಎರಡೂ ಸೇರಿ ರಕ್ತದ ಪಿಎಚ್ಚನ್ನು 7.35ರಿಂದ 7.45ರೊಳಗೇ ಹಿಡಿದಿಡುತ್ತವೆ. ಹೆಚ್ಚಾದದ್ದು ಉಸಿರಿನಲ್ಲೋ ಮೂತ್ರದಲ್ಲೋ ಹೊರಗೆ ಹೋಗುತ್ತದೆ. ನೀನು ಬೆಳಿಗ್ಗೆ ಎದ್ದು ಮೂತ್ರಕ್ಕೆ ಪಿಎಚ್ ಕಾಗದ ಅದ್ದಿ ನೋಡುವ ಬಣ್ಣ ಆ ಹೊರಗೆ ಹಾಕಿದ್ದರದು, ರಕ್ತದ್ದಲ್ಲ. ಆ ದುಬಾರಿ ನೀರಿಗೂ ಹೊಟ್ಟೆಯಲ್ಲಿ ಎದುರಾಗುವುದು ನಿಂಬೆರಸದಷ್ಟು ಹುಳಿಯಾದ ಆಮ್ಲ. ಅನ್ನ ಅರಗಲು ಅದು ಅಲ್ಲಿರಬೇಕಾದದ್ದೇ.

ನಿನ್ನ ಪಟ್ಟಿಯಲ್ಲಿ ನಿಂಬೆಹಣ್ಣು ಕ್ಷಾರದ ಕಡೆ ಇರುವುದನ್ನು ಕಂಡು ನಿಮ್ಮಮ್ಮ ನಕ್ಕಳು. ಅದು ಮಾತ್ರ ಸುಳ್ಳಲ್ಲ. ನೂರು ವರ್ಷಕ್ಕೂ ಹಿಂದೆ ಆಹಾರವನ್ನು ಸುಟ್ಟು, ಬೂದಿಯನ್ನು ಪರೀಕ್ಷೆ ಮಾಡಿ ಕಟ್ಟಿದ ಲೆಕ್ಕ ಅದು. ನಿಂಬೆಯ ಹುಳಿ ಸುಟ್ಟುಹೋಗಿ ಪೊಟ್ಯಾಸಿಯಂ ಉಳಿಯುತ್ತದೆ. ಅಜ್ಜಿ ಪಾತ್ರೆ ತಿಕ್ಕುತ್ತಿದ್ದ ಒಲೆಬೂದಿ ಒದ್ದೆ ಕೈಗೆ ಜಾರುತ್ತಿತ್ತಲ್ಲ, ಅದೇ ಕ್ಷಾರ. ಕಾಳು, ಧಾನ್ಯ, ಮಾಂಸದಲ್ಲಿ ಗಂಧಕ, ರಂಜಕ ಹೆಚ್ಚು. ಅವು ಆಮ್ಲದ ಕಡೆ. ಆ ಲೆಕ್ಕದಲ್ಲಿ ಟೊಮೆಟೊ ಕೂಡ ಕ್ಷಾರವೇ ಕಣಮ್ಮ, ನೀನು ಸರಿಸಿದ ಸಾರು! ಇನ್ನು ರಾಗಿ. ನೂರು ಗ್ರಾಮಿಗೆ 340 ಮಿಲಿಗ್ರಾಮಿಗೂ ಮೇಲೆ ಸುಣ್ಣದಂಶ ಇರುವ ಧಾನ್ಯವನ್ನು, ಆಮ್ಲ ಮೂಳೆ ಕರಗಿಸುತ್ತದೆ ಅಂತ ಬಿಡುವುದು ಯಾವ ನ್ಯಾಯ?

ಅಜ್ಜಿ ಸಂತೆಯಿಂದ ಬೆರಕೆ ಸೊಪ್ಪು ತರುತ್ತಿದ್ದಳು, ದಂಟು, ಕೀರೆ, ಅಣ್ಣೆ, ಸಿಕ್ಕಿದ್ದೆಲ್ಲ. ಅಲಸಂದೆ ಕಾಳು ಅರ್ಧ ಬೆಂದ ಮೇಲೆ ಅದೇ ಪಾತ್ರೆಗೆ ಸೊಪ್ಪು ಹಾಕಿ ಬೇಯಿಸಿ, ತಟ್ಟೆ ಮುಚ್ಚಿ ಓರೆಮಾಡಿ ಕಟ್ಟು ಬಸಿಯುವಳು. ಆವಿಗೆ ಮುಖ ಕೆಂಪಾಗುತ್ತಿತ್ತು. ಸೊಪ್ಪು, ಕಾಳು ಒಗ್ಗರಣೆಗೆ ಹೋಗಿ ಪಲ್ಯ. ಕಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ, ಚೂರು ಹುಣಿಸೆ ಅರೆದು ಹಾಕಿದರೆ ಬಸ್ಸಾರು. ಸೊಪ್ಪು ಬೆಂದಾಗ ಪೊಟ್ಯಾಸಿಯಮ್ಮಿನ ಒಂದು ಪಾಲು ನೀರಿಗೆ ಇಳಿಯುತ್ತದೆ ಅಂತ ನಾನು ಓದಿ ತಿಳಿದೆ. ಅವಳು ಓದದೆಯೇ ಆ ನೀರು ಚೆಲ್ಲಲಿಲ್ಲ. ನಿನ್ನ ಪಟ್ಟಿಯ ಎರಡೂ ಕಡೆಯವು ಆ ಒಂದೇ ಪಾತ್ರೆಯಲ್ಲಿದ್ದವು.

ಹಾಗಾಗಿ ನಾನು ಕೇಳುವುದು ಇಷ್ಟೆ: ಬಿಡಬೇಡ, ಸೇರಿಸು. ಮುದ್ದೆ, ಬೇಳೆ ಇರಲಿ. ದಿನಕ್ಕೆ ಒಂದು ಹೊತ್ತಾದರೂ ಅದರ ಪಕ್ಕದಲ್ಲಿ ಸೊಪ್ಪಿರಲಿ. ನಿಮ್ಮ ಮಾವನವರಿಗೆ ಮಾತ್ರ ಡಾಕ್ಟರನ್ನು ಕೇಳದೆ ಕಟ್ಟು ಬಡಿಸಬೇಡ, ಮೂತ್ರಪಿಂಡ ಸೋತವರಿಗೆ ಪೊಟ್ಯಾಸಿಯಂ ಆಗಿಬರುವುದಿಲ್ಲ.

ಮುಂದಿನ ಭಾನುವಾರ ಅಳಿಯಂದಿರನ್ನೂ ಕರೆದುಕೊಂಡು ಬಾ. ಬೆರಕೆ ಸೊಪ್ಪು ನಾನು ತಂದಿರುತ್ತೇನೆ. ನೀನು ಮರೆತು ಹೋದ ಬಾಟಲಿಯ ನೀರನ್ನು ನಿಮ್ಮಮ್ಮ ಕರಿಬೇವಿನ ಗಿಡಕ್ಕೆ ಹಾಕಿದಳು. ಬೈಯಬೇಡ.

ನಿನ್ನ ಅಪ್ಪ