ಗಾಳ ಹಾಕೋಣ, ನೀರನ್ನು ಓದೋಣ



ನಮ್ಮ ಊರಲ್ಲಿ ಕೆರೆ ಇದೆ. ಕೆಲವರ ಊರಲ್ಲಿ ಹೊಳೆ ಇದೆ. ಅಲ್ಲಿಗೆ ಹೋಗಿ ನಾವು ಏನು ಮಾಡ್ತೀವಿ? ಬಟ್ಟೆ ಒಗೀತೀವಿ. ದನದ ಮೈ ತೊಳೀತೀವಿ. ಕೊಡ ತುಂಬಿಕೊಂಡು ಬರ್ತೀವಿ. ನೀರಿನ ಹತ್ತಿರ ಹೋದರೆ ನಮಗೆ ಬರೀ ಕೆಲಸವೇ.

ಅದೇ ದಡದಲ್ಲಿ ಗಂಡಸರು, ಹುಡುಗರು ಗಾಳ ಹಿಡಿದು ಕೂತಿರ್ತಾರೆ. ಮೀನು ಸಿಕ್ಕರೆ ಖುಷಿ. ಸಿಗದಿದ್ದರೂ ಖುಷಿ. ಹೊತ್ತು ಹೋದದ್ದೇ ಅವರಿಗೆ ಗೊತ್ತಾಗುವುದಿಲ್ಲ. ಆ ಖುಷಿ ನಮಗೂ ಬೇಡವೇ? ಮೈ ಮುರಿದು ದುಡಿಯುವವರಿಗೆ ಒಂದು ದಿನದ ಬಿಡುವು ಬೇಡವೇ?

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಮಾತು ಬಂತು. ಒಬ್ಬರು, "ಗಾಳ ಹಾಕೋದು ಗಂಡಸರ ಕೆಲಸ ಕಣಕ್ಕ" ಅಂದರು. ಎಲ್ಲರಿಗಿಂತ ಹಿರಿಯ ಅಜ್ಜಿ ಕೇಳಿದರು: "ಹಂಗಂತ ಯಾರವ್ವ ಬರೆದಿಟ್ಟವ್ರೆ? ಈಗ ನಮಗೂ ಓದಕ್ಕೆ ಬತ್ತದೆ. ಎಲ್ಲಿ ಬರೆದವ್ರೆ ತೋರ್ಸು!" ಎಲ್ಲರೂ ನಕ್ಕೆವು. ಮುಂದಿನ ಭಾನುವಾರ ಹೊರಡುವುದೆಂದು ತೀರ್ಮಾನ ಆಯಿತು.

ಬಲೆ ಬೇರೆ, ಗಾಳ ಬೇರೆ

ಬಲೆ ಹಾಕುವವರಿಗೆ ಮೀನು ಹೊಟ್ಟೆಪಾಡು. ಬೆಸ್ತರ ಮನೆ ನಡೆಯುವುದು ಅದರಿಂದ. ಗಾಳ ಹಾಕುವವರಲ್ಲಿ ಅನೇಕರಿಗೆ ಅದು ಹವ್ಯಾಸ. ಹವ್ಯಾಸ ಎಂದರೆ ಖುಷಿಗಾಗಿ ಮಾಡುವ ಕೆಲಸ.

ದೊಡ್ಡ ದೊಡ್ಡವರಿಗೂ ಈ ಹವ್ಯಾಸ ಇತ್ತು. ಪೂರ್ಣಚಂದ್ರ ತೇಜಸ್ವಿ (1938-2007) ಕನ್ನಡದ ಹೆಸರಾಂತ ಬರಹಗಾರರು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದರು. ಅವರಿಗೆ ಗಾಳ ಹಾಕುವುದೆಂದರೆ ಬಹಳ ಇಷ್ಟ.

ಬೇಕಾದ ಸಾಮಾನು

ಗಾಳಕ್ಕೆ ಹೆಚ್ಚು ದುಡ್ಡು ಬೇಡ. ರೀಲು ಇರುವ ಕೋಲು ಪೇಟೆಯಲ್ಲಿ ಸಿಗುತ್ತದೆ. ಅದಕ್ಕೆ ಬೆಲೆ ಹೆಚ್ಚು. ಕೆರೆಗೆ ಬಿದಿರೇ ಸಾಕು.

1. ಕೋಲು: ಎಂಟು-ಹತ್ತು ಅಡಿ ಉದ್ದದ ಒಣಗಿದ ಬಿದಿರು. ತುದಿ ಸಣ್ಣಗೆ ಇರಬೇಕು. ಬಾಗಬೇಕು, ಮುರಿಯಬಾರದು.
2. ದಾರ: ತಂಗೂಸಿ. ಇದು ನೈಲಾನ್ ದಾರ. ನೀರಿನಲ್ಲಿ ಸುಲಭವಾಗಿ ಕಾಣುವುದಿಲ್ಲ.
3. ಕೊಕ್ಕೆ: ಇದರ ತುದಿಯಲ್ಲಿ ಹಿಂದಕ್ಕೆ ತಿರುಗಿದ ಸಣ್ಣ ಮುಳ್ಳು ಇರುತ್ತದೆ. ಸಿಕ್ಕ ಮೀನು ಜಾರಿ ಹೋಗದಂತೆ ಅದು ತಡೆಯುತ್ತದೆ.
4. ಬೆಂಡು: ಜೋಳದ ದಂಟಿನ ಒಳಗಿನ ಬೆಂಡು ಆದೀತು. ಅದು ತೇಲುತ್ತದೆ. ಮೀನು ಕಚ್ಚಿದರೆ ಮುಳುಗುತ್ತದೆ.
5. ಸೀಸದ ಗುಂಡು: ಕೊಕ್ಕೆಯನ್ನು ನೀರಿನ ಒಳಕ್ಕೆ ಇಳಿಸುತ್ತದೆ. ಇದನ್ನು ಬಾಯಲ್ಲಿ ಕಚ್ಚಬೇಡಿ. ಸೀಸ ವಿಷ. ಮುಟ್ಟಿದ ಮೇಲೆ ಕೈ ತೊಳೆಯಿರಿ.
6. ಎರೆ: ಎರೆಹುಳು, ಇಲ್ಲವೆ ಗಟ್ಟಿಯಾಗಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆ.

ನೀರಿಗೂ ಅಂತಸ್ತು ಇದೆ

ಪೇಟೆಯ ಮನೆಗೆ ಮಹಡಿ ಮೇಲೆ ಮಹಡಿ ಇರುತ್ತದೆ. ಕೆರೆಯ ನೀರೂ ಹಾಗೆಯೇ. ಒಂದೊಂದು ಮೀನು ಒಂದೊಂದು ಅಂತಸ್ತಿನಲ್ಲಿ ಮೇಯುತ್ತದೆ.

ಕಾಟ್ಲಾ ಮೀನಿನ ಬಾಯಿ ಮೇಲಕ್ಕೆ ತಿರುಗಿದೆ. ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುವೆ ಮೇಯುತ್ತದೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಕೆಸರಿನ ಹತ್ತಿರ, ತಳದಲ್ಲಿ ಮೇಯುತ್ತವೆ. ಕೊರವ ಮೀನು ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುತ್ತದೆ.

ಆದ್ದರಿಂದ ಬೆಂಡನ್ನು ಸರಿಯಾದ ಜಾಗದಲ್ಲಿ ಕಟ್ಟಬೇಕು. ಬೆಂಡಿಗೂ ಕೊಕ್ಕೆಗೂ ನಡುವೆ ದಾರ ಗಿಡ್ಡ ಇದ್ದರೆ ಎರೆ ಮೇಲೇ ನಿಲ್ಲುತ್ತದೆ. ಉದ್ದ ಬಿಟ್ಟರೆ ತಳ ಸೇರುತ್ತದೆ. ಒಂದು ಗಂಟೆ ಕೂತರೂ ಮೀನು ಕಚ್ಚಲಿಲ್ಲವೇ? ಜಾಗ ಬಿಡುವ ಮೊದಲು ದಾರದ ಅಳತೆ ಬದಲಿಸಿ ನೋಡಿ.

ಕೇಳಿ ಹೋಗೋಣ

ಕೆರೆ ಎಲ್ಲರದು ನಿಜ. ಆದರೆ ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಸಣ್ಣ ಕೆರೆಯನ್ನು ಗ್ರಾಮ ಪಂಚಾಯಿತಿ ಗುತ್ತಿಗೆ ಕೊಡುತ್ತದೆ. ದೊಡ್ಡ ಕೆರೆಯನ್ನು ಮೀನುಗಾರಿಕೆ ಇಲಾಖೆ ಕೊಡುತ್ತದೆ. ಗುತ್ತಿಗೆ ಹಿಡಿದವರು ದುಡ್ಡು ಕೊಟ್ಟು ಮೀನಿನ ಮರಿ ಬಿಟ್ಟಿರುತ್ತಾರೆ. ಕೇಳದೆ ಹಿಡಿದರೆ ಅದು ಕಳ್ಳತನ. ನಾವು ಒಂದು ಪತ್ರ ಬರೆದೆವು. ನಮ್ಮ ಕೈಯಾರೆ ಬರೆದೆವು.

"ಮಾನ್ಯರೇ,
ನಾವು ಕಲಿಕಾ ಕೇಂದ್ರದ ಎಂಟು ಮಂದಿ ಹೆಂಗಸರು. ಬರುವ ಭಾನುವಾರ ನಿಮ್ಮ ಕೆರೆಯಲ್ಲಿ ಗಾಳ ಹಾಕಲು ಇಷ್ಟಪಡುತ್ತೇವೆ. ಬಲೆ ಹಾಕುವುದಿಲ್ಲ. ನಮ್ಮ ಊಟಕ್ಕೆ ಆಗುವಷ್ಟು ಮಾತ್ರ ಹಿಡಿಯುತ್ತೇವೆ. ದಯಮಾಡಿ ಒಪ್ಪಿಗೆ ಕೊಡಬೇಕು.
ಇಂತಿ,
ಕಲಿಕಾ ಕೇಂದ್ರದ ಮಹಿಳೆಯರು."

ಕೆಳಗೆ ಎಂಟು ಸಹಿ. ಒಂದೂ ಹೆಬ್ಬೆಟ್ಟು ಇರಲಿಲ್ಲ. ಗುತ್ತಿಗೆದಾರರು ಪತ್ರ ಓದಿದರು. "ಬನ್ರಮ್ಮ, ಏರಿ ಮೇಲೆ ಮಾತ್ರ ಮಕ್ಕಳನ್ನ ಬಿಡಬೇಡಿ" ಅಂದರು.

ದಾರಿಯೂ ಒಂದು ಸುಖ

ಕೆರೆ ಇದ್ದದ್ದು ಬೇರೆ ಊರಲ್ಲಿ. ಬೆಳಗ್ಗೆ ಬಸ್ ನಿಲ್ದಾಣಕ್ಕೆ ಬಂದೆವು. ಯಾರನ್ನೂ "ಇದು ಯಾವೂರ ಬಸ್ಸು?" ಅಂತ ಕೇಳಲಿಲ್ಲ. ಬೋರ್ಡನ್ನು ನಾವೇ ಓದಿದೆವು. ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೇಟಿಗೆ ದುಡ್ಡು ಬೇಡ ಎಂಬ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾಯಿತು. ಗುರುತಿನ ಚೀಟಿ ಮಾತ್ರ ಕೈಯಲ್ಲಿ ಇರಬೇಕು.

ಬಿದಿರು ಕೋಲುಗಳನ್ನು ನೋಡಿ ಕಂಡಕ್ಟರ್ ನಕ್ಕರು. "ಏನ್ರಮ್ಮ, ಕಬ್ಬು ಮಾರಕ್ಕಾ?" ಅಂದರು. ಅಜ್ಜಿ, "ಇಲ್ಲಪ್ಪ, ಮೀನಿಗೆ ಅಕ್ಷರ ಕಲಿಸಕ್ಕೆ" ಅಂದರು. ಇಡೀ ಬಸ್ಸು ನಕ್ಕಿತು. ಕಿಟಕಿ ಪಕ್ಕ ಕೂತವರು ದಾರಿಯ ಊರುಗಳ ಹೆಸರು ಓದಿ ಹೇಳುತ್ತಾ ಬಂದರು.

ಬೆಂಡು ಮುಳುಗಿದಾಗ

ನೆರಳು ನೋಡಿ ಕೂತೆವು. ಮೊದಲು ಮಾತು ಜೋರಾಗಿತ್ತು. ಆಮೇಲೆ ತಾನಾಗಿ ನಿಂತಿತು. ಮಿಂಚುಳ್ಳಿ ಒಂದು ನೀರಿಗೆ ಬಿದ್ದು ಎದ್ದಿತು. ಗಾಳಿ ಬಂದರೆ ನೀರಿಗೆ ಮಡಿಕೆ ಬೀಳುತ್ತಿತ್ತು.

ಬೆಂಡು ಸ್ವಲ್ಪ ನಡುಗಿತು. ಆಗಲೇ ಎಳೆಯಬಾರದು. ಅದು ಸಣ್ಣ ಮೀನು ಎರೆಯನ್ನು ಕುಟುಕುವುದು. ಬೆಂಡು ಪೂರ್ತಿ ಒಳಗೆ ಹೋದಾಗ ಕೋಲನ್ನು ಚಕ್ಕನೆ ಎತ್ತಬೇಕು. ಅಲ್ಲಿಂದ ಅವಸರ ಬೇಡ. ಮೀನು ಎಳೆದಾಗ ಕೋಲು ಬಾಗಲಿ. ಅದು ದಣಿದಾಗ ನಾವು ಎಳೆಯಬೇಕು.

ಮಧ್ಯಾಹ್ನದ ಹೊತ್ತಿಗೆ ಆರು ಮೀನು ಸಿಕ್ಕವು. ಎರಡು ತೀರ ಸಣ್ಣವು. ಒದ್ದೆ ಕೈಯಲ್ಲಿ ಹಿಡಿದು ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆವು. ಒಣ ಕೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತದೆ. ಆ ಲೋಳೆ ಅದನ್ನು ರೋಗದಿಂದ ಕಾಯುತ್ತದೆ.

ಬುತ್ತಿ ಮತ್ತು ಸಾರು

ಮೀನು ಸಿಕ್ಕೇ ಸಿಗುತ್ತದೆ ಅಂತ ನಂಬಿ ಹೋಗಬಾರದು! ಆದ್ದರಿಂದ ಬುತ್ತಿ ಇರಲಿ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ, ಉಪ್ಪಿನಕಾಯಿ ಕಟ್ಟಿಕೊಂಡಿದ್ದೆವು. ಕುಡಿಯುವ ನೀರನ್ನೂ ಮನೆಯಿಂದಲೇ ತಂದಿದ್ದೆವು.

ಮೂರು ಕಲ್ಲು ಇಟ್ಟು ಒಲೆ ಹೂಡಿದೆವು. ಮೀನಿಗೆ ಬೂದಿ ಹಚ್ಚಿ ಉಜ್ಜಿದರೆ ಕೈ ಜಾರುವುದಿಲ್ಲ, ಪೊರೆ ಚೆನ್ನಾಗಿ ಬಿಡುತ್ತದೆ. ಒಣ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಸ್ವಲ್ಪ ಮೆಂತ್ಯದ ಖಾರವನ್ನು ಮನೆಯಲ್ಲೇ ಅರೆದು ತಂದಿದ್ದೆವು. ಹುಣಸೆ ಹುಳಿ ಚೆನ್ನಾಗಿ ಕುದಿಯಬೇಕು. ಕೊನೆಗೆ ಮೀನು ಹಾಕಬೇಕು. ಆಮೇಲೆ ಸೌಟು ಆಡಿಸಬಾರದು, ಮೀನು ಒಡೆಯುತ್ತದೆ. ಪಾತ್ರೆಯನ್ನೇ ಹಿಡಿದು ತಿರುಗಿಸಬೇಕು.

ಬಿಸಿ ಮುದ್ದೆ, ಬಿಸಿ ಸಾರು. ಅವತ್ತು ಎಲ್ಲರೂ ಒಟ್ಟಿಗೆ ಕೂತು ಉಂಡೆವು. ಬಡಿಸಿ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಸರದಿ ಯಾರಿಗೂ ಬರಲಿಲ್ಲ. ಮೀನಿನಲ್ಲಿ ಮೈ ಬೆಳೆಸುವ ಪ್ರೋಟೀನು ಇದೆ. ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶವೂ ಇದೆ. ಇದು ಬಸುರಿ, ಬಾಣಂತಿಯರಿಗೂ ಒಳ್ಳೆಯದು.

ಕಾವೇರಿಯ ಬಿಳಿ ಮೀನು

ಊಟ ಆದ ಮೇಲೆ ಕಾವೇರಿಯ ಒಂದು ಮೀನಿನ ವಿಷಯ ಓದಿದೆವು. ನೀವೂ ಓದಿ.

ಕನಕಪುರ, ಸಾತನೂರು, ಹಲಗೂರು ದಾಟಿದರೆ ಮುತ್ತತ್ತಿ. ಮುಂದೆ ಭೀಮೇಶ್ವರಿ. ಇದು ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್. ಇಲ್ಲಿ ಕಾವೇರಿಯಲ್ಲಿ ಮಾಷೀರ್ ಎಂಬ ದೊಡ್ಡ ಮೀನು ಇದೆ. ನಮ್ಮ ಜನ ಇದನ್ನು ಬಿಳಿ ಮೀನು ಅನ್ನುತ್ತಾರೆ. ಇದರಲ್ಲಿ ಗೂನು ಬೆನ್ನಿನ ಜಾತಿ ಕಾವೇರಿ ಮತ್ತು ಅದನ್ನು ಸೇರುವ ಹೊಳೆಗಳಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಒಂದು ಮೀನು ಹಿಡಿದರು. ತೂಕ 120 ಪೌಂಡ್. ಅಂದರೆ ಸುಮಾರು 54 ಕಿಲೋ. 25 ಕಿಲೋದ ಎರಡು ಅಕ್ಕಿ ಮೂಟೆಗಿಂತ ಹೆಚ್ಚು!

ಈ ಮೀನಿಗೆ ಗಾಳ ಹಾಕಲು ಹೊರದೇಶದಿಂದಲೂ ಜನ ಭೀಮೇಶ್ವರಿಗೆ ಬರುತ್ತಿದ್ದರು. ಎರೆ ಯಾವುದು ಗೊತ್ತೇ? ನಮ್ಮ ರಾಗಿ ಮುದ್ದೆಯೇ! ಹಿಡಿದ ಮೀನನ್ನು ಅವರು ತಿನ್ನುತ್ತಿರಲಿಲ್ಲ. ತೂಕ ಮಾಡಿ ಹೊಳೆಗೆ ಬಿಡುತ್ತಿದ್ದರು. ಅಲ್ಲಿನ ಹಳ್ಳಿಗರಿಗೆ ಇದರಿಂದ ಕೆಲಸ ಸಿಕ್ಕಿತ್ತು. ಮೊದಲು ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಮೀನು ಕಾಯುವವರಾದರು.

ಈಗ ಅಲ್ಲಿ ಗಾಳ ಹಾಕುವಂತಿಲ್ಲ. ಅದು ಕಾವೇರಿ ವನ್ಯಜೀವಿ ಧಾಮದ ಜಾಗ. ಗೂನು ಬೆನ್ನಿನ ಮಾಷೀರ್ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಇದನ್ನು ಅತಿ ಹೆಚ್ಚು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಕಾರಣ ಒಂದಲ್ಲ. ಅಣೆಕಟ್ಟು ಕಟ್ಟಿದಾಗ ಮೀನಿನ ದಾರಿ ಮುಚ್ಚಿತು. ಮರಳು ಎತ್ತಿದರು. ಕೊಳಕು ನೀರು ಸೇರಿತು. ಬೇರೆ ಕಡೆಯ ಮಾಷೀರ್ ಮರಿ ತಂದು ಬಿಟ್ಟರು. ಸಿಡಿಮದ್ದು ಹಾಕಿ ಕೊಂದರು.

ಸಿಡಿಮದ್ದು, ವಿಷ ಹಾಕುವುದನ್ನು 1897ರ ಕಾನೂನಿನಲ್ಲೇ ನಿಷೇಧಿಸಿದ್ದರು. ಈಗಲೂ ಅದು ಅಪರಾಧ. ಆದರೂ 1996ರಲ್ಲಿ ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವರ ಮೀನುಗಳಿಗೇ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಗಾಳ ಒಂದು ಸಲಕ್ಕೆ ಒಂದು ಮೀನು ಹಿಡಿಯುತ್ತದೆ. ವಿಷ ಮೊಟ್ಟೆ, ಮರಿ, ಏಡಿ, ಕಪ್ಪೆ ಎಲ್ಲವನ್ನೂ ಕೊಲ್ಲುತ್ತದೆ.

ನಾವೂ ಕೆಲವು ಕಟ್ಟು ಹಾಕಿಕೊಳ್ಳೋಣ. ಮಳೆಗಾಲದಲ್ಲಿ ಬಹಳ ಮೀನು ಮೊಟ್ಟೆ ಇಡುತ್ತವೆ. ಬಸುರಿ ಮೀನು ಸಿಕ್ಕರೆ ಬಿಡೋಣ. ಮರಿಗಳ ಜೊತೆ ಇರುವ ಕೊರವ ಮೀನನ್ನು ಹಿಡಿಯುವುದು ಬೇಡ. ಅದು ಮರಿ ಕಾಯುವ ಮೀನು. ತಾಯಿ ತಂದೆ ಹೋದರೆ ಮರಿಗಳು ಬೇರೆ ಮೀನಿನ ಬಾಯಿಗೆ ಬೀಳುತ್ತವೆ.

ನೀರು ಸುಮ್ಮನೆ ಕಂಡರೂ ಸುಮ್ಮನೆ ಇಲ್ಲ

ಮುತ್ತತ್ತಿಯಲ್ಲಿ ನೀರು ಮೇಲೆ ಶಾಂತವಾಗಿ ಕಾಣುತ್ತದೆ. ಒಳಗೆ ಬಂಡೆ, ಮಡು, ಸುಳಿ ಇವೆ. ಅಲ್ಲಿ ಎಷ್ಟೋ ಜನ ಮುಳುಗಿ ಸತ್ತಿದ್ದಾರೆ. ನಮ್ಮ ಕೆರೆಗಳಲ್ಲೂ ಮಣ್ಣು ತೆಗೆದ ಗುಂಡಿಗಳಿವೆ.

ದಡದಲ್ಲಿ ಬೋರ್ಡು ಇದ್ದರೆ ಮೊದಲು ಅದನ್ನು ಓದಿ. "ಸುಳಿ ಇದೆ, ನೀರಿಗೆ ಇಳಿಯಬೇಡಿ" ಎಂದಿದ್ದರೆ ಇಳಿಯಬೇಡಿ. "ಮೀನು ಹಿಡಿಯುವುದನ್ನು ನಿಷೇಧಿಸಿದೆ" ಎಂದಿದ್ದರೆ ಗಾಳ ಬಿಚ್ಚಬೇಡಿ. ಜೊತೆಯವರಿಗೂ ಜೋರಾಗಿ ಓದಿ ಹೇಳಿ. ಅಕ್ಷರ ಒಂದು ಜೀವ ಉಳಿಸಬಹುದು.

ಒಬ್ಬರೇ ಹೋಗಬೇಡಿ. ವಿದ್ಯುತ್ ತಂತಿಯ ಕೆಳಗೆ ಉದ್ದ ಕೋಲು ಎತ್ತಬೇಡಿ. ಯಾರಾದರೂ ನೀರಿಗೆ ಬಿದ್ದರೆ ಈಜು ಬಾರದವರು ಹಾರಬಾರದು. ಹಗ್ಗ, ಕೋಲು, ಸೀರೆ ಏನಾದರೂ ಎಸೆಯಿರಿ. ಖಾಲಿ ಕೊಡವನ್ನು ತೇಲಿಬಿಡಿ. ಕೂಗಿ ಜನ ಸೇರಿಸಿ. ತುಂಡಾದ ತಂಗೂಸಿಯನ್ನು ದಡದಲ್ಲಿ ಬಿಡಬೇಡಿ. ಅದು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಸುತ್ತಿ ಮನೆಗೆ ತನ್ನಿ.

ಓದಿ, ಬರೆಯಿರಿ

ಹೊಸ ಪದಗಳು: ಹವ್ಯಾಸ, ತಂಗೂಸಿ, ಕೊಕ್ಕೆ, ಬೆಂಡು, ಗುತ್ತಿಗೆ, ನಿಷೇಧ, ಅಳಿವು.

1. ಕಾಟ್ಲಾ ಮೀನು ಯಾವ ನೀರಿನಲ್ಲಿ ಮೇಯುತ್ತದೆ? ಮೃಗಾಲ್ ಎಲ್ಲಿ ಮೇಯುತ್ತದೆ?
2. ಸಣ್ಣ ಮೀನನ್ನು ಒದ್ದೆ ಕೈಯಲ್ಲಿ ಏಕೆ ಹಿಡಿಯಬೇಕು?
3. ನಿಮ್ಮ ಊರಿನ ಕೆರೆಯಲ್ಲಿ ಗಾಳ ಹಾಕಲು ಒಪ್ಪಿಗೆ ಕೇಳಿ ಒಂದು ಪತ್ರ ಬರೆಯಿರಿ.

ಲೆಕ್ಕ ಮಾಡಿ: ಎಂಟು ಮಂದಿ ಹೆಂಗಸರು ಗಾಳ ಹಾಕಲು ಹೋದರು. ಗಾಳದ ಸಾಮಾನಿಗೆ 160 ರೂಪಾಯಿ, ಅಡುಗೆ ಸಾಮಾನಿಗೆ 240 ರೂಪಾಯಿ, ಆಟೋಗೆ 80 ರೂಪಾಯಿ ಖರ್ಚಾಯಿತು. ಒಬ್ಬೊಬ್ಬರ ಪಾಲು ಎಷ್ಟು?

ಕೂತು ಮಾತಾಡಿ: ನಮ್ಮ ಅಜ್ಜಿಯ ಕಾಲದಲ್ಲಿ ಇದ್ದ ಯಾವ ಮೀನು ಈಗ ನಮ್ಮ ಕೆರೆಯಲ್ಲಿ ಇಲ್ಲ? ಏಕೆ? ಕಳೆದ ವರ್ಷ ನೀವು ಕೆಲಸ ಬಿಟ್ಟು, ಬರೀ ಖುಷಿಗಾಗಿ ಕಳೆದ ದಿನ ಯಾವುದು?