ಕೇಳುಗನ ಮನಸ್ಸು

ಈಟೀವಿ ಕನ್ನಡ ವಾಹಿನಿಯಲ್ಲಿ ಬಹುಕಾಲ ಪ್ರಸಾರವಾದ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮವು ಗಾಯಕರನ್ನಷ್ಟೇ ಅಲ್ಲ, ಕೇಳುಗರನ್ನೂ ಬೆಳೆಸಿತು. ರಾಜಾಜಿನಗರ, ವಿಜಯನಗರಗಳಂತಹ ಬಡಾವಣೆಗಳಲ್ಲಿ ಅದನ್ನು ತಪ್ಪದೆ ನೋಡುತ್ತಿದ್ದ ಅಭಿಮಾನಿಯೊಬ್ಬನ ಮನಸ್ಸನ್ನು ಪರಿಶೀಲಿಸಿದರೆ ಕುತೂಹಲಕರವಾದ ಮಾರ್ಪಾಡುಗಳು ಕಾಣುತ್ತವೆ.

ಮೊದಲು ಅವನನ್ನು ಸೆಳೆದುದು ಸ್ಪರ್ಧೆ. ಯಾರು ಗೆದ್ದರು, ಯಾರು ಸೋತರು ಎಂಬುದೇ ಅವನ ಚಿಂತೆ. ಕ್ರಮೇಣ ಅವನ ಕಿವಿ ಬೇರೆಡೆಗೆ ಹೊರಳಿತು. ಕಾರ್ಯಕ್ರಮವನ್ನು ನಡೆಸಿಕೊಡುತ್ತಿದ್ದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಹಾಡಿನ ಹಿಂದಿದ್ದ ಕವಿಯನ್ನೂ ಸಂಗೀತ ನಿರ್ದೇಶಕರನ್ನೂ ನೆನೆಯುತ್ತಿದ್ದರು. ಉಚ್ಚಾರಣೆ ತಪ್ಪಿದವರನ್ನು ನೋಯಿಸದೆ ತಿದ್ದುತ್ತಿದ್ದರು. ಅವರ ಮನೆಮಾತು ತೆಲುಗು. 1967ರ 'ನಕ್ಕರೆ ಅದೇ ಸ್ವರ್ಗ' ಚಿತ್ರದಿಂದ ಕನ್ನಡದಲ್ಲಿ ಹಾಡತೊಡಗಿ, 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಅಂಥವರಿಂದ ಕನ್ನಡದ ಅಕ್ಷರಶುದ್ಧಿಯನ್ನು ಕಲಿಯಬೇಕಾಯಿತಲ್ಲ ಎಂದು ಕನ್ನಡಿಗನಾದ ಅವನಿಗೆ ಸಂಕೋಚವೂ ಆಯಿತು, ಸಂತೋಷವೂ ಆಯಿತು.

ಮುಂದೆ ಬೇಸರ ಬಂದಿತು. ವಾಹಿನಿಗಳು ಹೆಚ್ಚಿದವು, ಹಾಡಿನ ಸ್ಪರ್ಧೆಗಳೂ ಹೆಚ್ಚಿದವು. ರಂಗದ ದೀಪಾಲಂಕಾರ, ಕಣ್ಣೀರು, ಪ್ರೇಕ್ಷಕರ ಮತಗಳು ಹಾಡಿಗಿಂತ ದೊಡ್ಡವಾದವು. ಆ ಪ್ರೇಕ್ಷಕರಲ್ಲಿ ಅವನೂ ಒಬ್ಬನೆಂಬುದು ಬೇರೆ ಮಾತು.

2020ರ ಸೆಪ್ಟೆಂಬರ್ 25ರಂದು ಬಾಲಸುಬ್ರಹ್ಮಣ್ಯಂ ನಿಧನರಾದರು. ಮರುವರ್ಷ, ಕಲರ್ಸ್ ಕನ್ನಡವೆಂದು ಹೆಸರು ಬದಲಾಗಿದ್ದ ಅದೇ ವಾಹಿನಿಯಲ್ಲಿ ಕಾರ್ಯಕ್ರಮವು ಮತ್ತೆ ಆರಂಭವಾಯಿತು. ರಾಜೇಶ್ ಕೃಷ್ಣನ್, ವಿ. ಹರಿಕೃಷ್ಣ, ರಘು ದೀಕ್ಷಿತ್ ತೀರ್ಪುಗಾರರಾಗಿದ್ದರು. ಹೆಸರು ಹಳೆಯದು, ಆ ಧ್ವನಿಯೊಂದಿಲ್ಲ. ಹೋಲಿಸದೆ ಇರಲಾರದೆ ಅಭಿಮಾನಿಯು ಮೊದಮೊದಲು ಟೀವಿಯನ್ನು ಆರಿಸಿಬಿಡುತ್ತಿದ್ದನು. ಒಂದು ವಾರ ಎಳೆಯ ಕಂಠವೊಂದು ಒತ್ತಕ್ಷರಗಳನ್ನೂ ಮಹಾಪ್ರಾಣಗಳನ್ನೂ ಸ್ಪಷ್ಟವಾಗಿ ನುಡಿಯುತ್ತ ಹಾಡಿತು. ಅವನ ಬೆರಳು ಗುಂಡಿಯ ಮೇಲೆಯೇ ನಿಂತಿತು.