ಕಾರ್ಡಿನಲ್ಲಿ ಎಷ್ಟು ಚಿತ್ರಗಳು?

2009ರ ಡಿಸೆಂಬರ್ ತಿಂಗಳಿನಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾನು ಒಂದು ದಿನದ ಪ್ರವಾಸಕ್ಕೆ ಹೊರಟೆ. ಬೆಳಿಗ್ಗೆ ಉಡುಪಿಯಿಂದ ಮಣಿಪಾಲ, ಅಲ್ಲಿಂದ ಕಾರ್ಕಳ, ಸೂರ್ಯಾಸ್ತಕ್ಕೆ ಕಾಪುವಿನ ಕಡಲತೀರ. ಇದು ನಮ್ಮ ದಾರಿ. ನನ್ನ ಬಳಿ ಕ್ಯಾಮರಾ ಇರಲಿಲ್ಲ. ನಮ್ಮ ಶಾಲೆಯ ಚಿತ್ರಕಲೆಯ ಅಧ್ಯಾಪಕರು ತಮ್ಮ ಡಿಜಿಟಲ್ ಕ್ಯಾಮರಾವನ್ನು ಕೊಟ್ಟರು. ಕೊಡುವಾಗ, "ಇದರಲ್ಲಿ ನನ್ನ ಇಪ್ಪತ್ತು ಚಿತ್ರಗಳಿವೆ ಮಾಷ್ಟ್ರೇ, ಅವು ಹಾಗೆಯೇ ಇರಲಿ" ಎಂದು ಒಂದು ಮಾತು ಹೇಳಿದರು. ನಾನು ಹೂಂಗುಟ್ಟಿದೆ.

ಬಸ್ಸಿನಲ್ಲಿ ಒಬ್ಬ ಹುಡುಗ ಕೇಳಿದ: "ಸಾರ್, ಇದರಲ್ಲಿ ಎಷ್ಟು ಚಿತ್ರ ಹಿಡಿಯುತ್ತದೆ?" ನನ್ನ ಬಾಲ್ಯದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಆಗ್ಫಾ ಕಂಪನಿಯ ಕ್ಲಿಕ್ ತ್ರೀ ಕ್ಯಾಮರಾದ ಒಂದು ಸುರುಳಿಗೆ 12 ಚಿತ್ರ. ಮುಂದೆ ಬಂದ ಸಣ್ಣ ಸುರುಳಿಗಳಲ್ಲಿ 24 ಅಥವಾ 36. ಗೊಮ್ಮಟನ ಚಿತ್ರವಾಗಲಿ ಗೋಡೆಯ ಚಿತ್ರವಾಗಲಿ, ಫಿಲ್ಮಿನ ಮೇಲೆ ಹಿಡಿಯುವ ಜಾಗ ಒಂದೇ. ಈಗ ಕೈಯಲ್ಲಿದ್ದುದು 2 ಗಿಗಾಬೈಟ್ ಧಾರಣಶಕ್ತಿಯ ಮೆಮೊರಿ ಕಾರ್ಡ್. ಒಂದು ಚಿತ್ರಕ್ಕೆ ಸುಮಾರು 4 ಮೆಗಾಬೈಟ್ ಬೇಕೆಂದು ಎಲ್ಲಿಯೋ ಓದಿದ ನೆನಪು. ನಾನು ಬಾಯಲ್ಲಿಯೇ ಭಾಗಿಸಿ, "ಐನೂರು!" ಎಂದು ಸಾರಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಕ್ಯಾಮರಾದ ಪರದೆಯ ಮೂಲೆಯಲ್ಲಿ 76 ಎಂಬ ಅಂಕಿ ಹೊಳೆಯುತ್ತಿತ್ತು. ಅದು ಬೇರಾವುದೋ ಲೆಕ್ಕವಿರಬೇಕೆಂದು ನಾನು ಅಷ್ಟಾಗಿ ಗಮನಿಸಲಿಲ್ಲ.

ನನ್ನ ಭಾಗಾಕಾರದಲ್ಲಿ ತಪ್ಪಿರಲಿಲ್ಲ, ಭಾಜಕದಲ್ಲಿ ತಪ್ಪಿತ್ತು. ಅದು ಹೇಗೆಂಬುದನ್ನು ವಿಚಾರಿಸೋಣ.

ಕಾಪುವಿನ ಸಮೀಪದ ಶಂಕರಪುರದಲ್ಲಿ ಮಲ್ಲಿಗೆಯನ್ನು ಒಂದೊಂದೇ ಹೂವಾಗಿ ಎಣಿಸಿ ಮಾರುವುದಿಲ್ಲ. ಸುಮಾರು 800 ಹೂಗಳನ್ನು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ. ಕಾರ್ಡಿನ ಅಳತೆಯೂ ಹೀಗೆಯೇ ಕಟ್ಟು ಕಟ್ಟಾಗಿ ಬೆಳೆಯುತ್ತದೆ. ಇಲ್ಲಿ ಹೂವಿನ ಸ್ಥಾನದಲ್ಲಿರುವುದು ಬಿಟ್; ಅದು ಸೊನ್ನೆ ಅಥವಾ ಒಂದು. ಎಂಟು ಬಿಟ್‌ಗಳಿಗೆ ಒಂದು ಬೈಟ್. ಹತ್ತು ಲಕ್ಷ ಬೈಟ್‌ಗಳಿಗೆ ಒಂದು ಮೆಗಾಬೈಟ್, ನೂರು ಕೋಟಿ ಬೈಟ್‌ಗಳಿಗೆ ಒಂದು ಗಿಗಾಬೈಟ್. ಆದ್ದರಿಂದ ನಮ್ಮ ಕಾರ್ಡಿನಲ್ಲಿದ್ದುದು 200 ಕೋಟಿ ಬೈಟ್‌ಗಳ ಜಾಗ. ಇದೇ ಕಾರ್ಡನ್ನು ಕೆಲವು ಕಂಪ್ಯೂಟರುಗಳಿಗೆ ಹಾಕಿದರೆ 1.86 ಗಿಗಾಬೈಟ್ ಎಂದು ತೋರಿಸುವುದುಂಟು. ಅಂಗಡಿಯವನು ಮೋಸಮಾಡಿದನೆಂದು ಜಗಳಕ್ಕೆ ಹೋಗಬೇಕಾಗಿಲ್ಲ. ಕಾರ್ಡು ತಯಾರಿಸುವವರು ಸಾವಿರ ಸಾವಿರವಾಗಿ ಎಣಿಸುತ್ತಾರೆ. ಆ ಕಂಪ್ಯೂಟರುಗಳು 1024ರ ಗುಣಕದಲ್ಲಿ ಎಣಿಸುತ್ತವೆ. ಇಬ್ಬರ ಸೇರು ಬೇರೆ, ಅಕ್ಕಿ ಅಷ್ಟೇ.

ಇನ್ನು ಚಿತ್ರದ ಗಾತ್ರ. ಆ ಕ್ಯಾಮರಾ 12 ಮೆಗಾಪಿಕ್ಸೆಲಿನದು. ಎಂದರೆ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕಿಗಳಿಂದ ಚಿತ್ರ ರೂಪುಗೊಳ್ಳುತ್ತದೆ. ಪ್ರತಿ ಚುಕ್ಕಿಯ ಕೆಂಪು, ಹಸಿರು, ನೀಲಿ ಪ್ರಮಾಣಗಳನ್ನು ಬರೆದಿಡಲು ಒಂದೊಂದು ಬೈಟ್ ಎಂದು ಹಿಡಿದರೆ 3 ಕೋಟಿ 60 ಲಕ್ಷ ಬೈಟ್, ಅಂದರೆ 36 ಮೆಗಾಬೈಟ್ ಬೇಕು. ಆ ಲೆಕ್ಕದಲ್ಲಿ ಬರಿಯ ಕಾರ್ಡಿನಲ್ಲಿ 55 ಚಿತ್ರಗಳಷ್ಟೇ ಹಿಡಿದಾವು. ಹಾಗಿರುವಾಗ 4 ಮೆಗಾಬೈಟ್ ಎಂಬ ಅಂಕಿ ಎಲ್ಲಿಂದ ಬಂತು? ಮೂವತ್ತಾರನ್ನು ನಾಲ್ಕಕ್ಕೆ ಇಳಿಸಿದವರು ಯಾರು?

ಈ ಪ್ರಶ್ನೆ ನಮ್ಮನ್ನು ಬೆಂಗಳೂರಿಗೆ ಕರೆದೊಯ್ಯುತ್ತದೆ. ನಾಸಿರ್ ಅಹಮದ್ ಅವರು 1940ರಲ್ಲಿ ಅಲ್ಲಿ ಜನಿಸಿದರು. ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಉನ್ನತ ವ್ಯಾಸಂಗಕ್ಕಾಗಿ ಅಮೆರಿಕೆಗೆ ತೆರಳಿದರು. ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದಾಗ ಅವರಿಗೆ ಒಂದು ಗಣಿತದ ಉಪಾಯ ಹೊಳೆಯಿತು. ತ್ರಿಕೋನಮಿತಿಯಲ್ಲಿ ಬರುವ ಕೊಸೈನ್ ಅಲೆಗಳನ್ನು ಬಳಸಿ ಚಿತ್ರದ ಮಾಹಿತಿಯನ್ನು ಸಂಕ್ಷೇಪಿಸಬಹುದೆಂಬುದೇ ಆ ಉಪಾಯ. ಅದನ್ನು ಅಭ್ಯಸಿಸಲು ಧನಸಹಾಯ ಬೇಕೆಂದು 1972ರಲ್ಲಿ ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಬರೆದರು, ಸಹಾಯ ದೊರೆಯಲಿಲ್ಲ. ವಿಚಾರ ತೀರ ಸರಳವಾಯಿತೆಂಬ ಅಭಿಪ್ರಾಯ ಬಂದಿತ್ತಂತೆ! ಅವರು ಕೈಬಿಡದೆ 1973ರ ಬೇಸಿಗೆಯಲ್ಲಿ ಆ ಕೆಲಸವನ್ನೇ ಹಿಡಿದು ಕುಳಿತರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಬರೆದ ಪುಟ್ಟ ಲೇಖನ 1974ರ ಜನವರಿಯಲ್ಲಿ ಪ್ರಕಟವಾಯಿತು. 1992ರಲ್ಲಿ ಜೆಪೆಗ್ ಎಂಬ ಚಿತ್ರಮಾದರಿ ಜಗತ್ತಿಗೆಲ್ಲ ನಿಯಮವಾದಾಗ ಅದರ ಹೃದಯಸ್ಥಾನದಲ್ಲಿದ್ದುದು ಈ ಸರಳ ವಿಚಾರವೇ.

ಅದರ ಬಗೆಯನ್ನು ಕಾರ್ಕಳದ ಚತುರ್ಮುಖ ಬಸದಿಯ ಮುಂದೆ ನಿಂತು ಮಕ್ಕಳಿಗೆ ವಿವರಿಸಲು ಯತ್ನಿಸಿದೆ. 1586ರಲ್ಲಿ ನಿರ್ಮಾಣಗೊಂಡ ಆ ಬಸದಿ ನಾಲ್ಕು ದಿಕ್ಕಿನಿಂದಲೂ ಒಂದೇ ತೆರನಾಗಿ ಕಾಣುತ್ತದೆ. ಅದನ್ನು ನೋಡದವನಿಗೆ ಪತ್ರ ಬರೆಯುವಾಗ ಒಂದು ಮುಖವನ್ನು ವರ್ಣಿಸಿ, "ಉಳಿದ ಮೂರು ಕಡೆಯೂ ಹೀಗೆಯೇ" ಎಂದರೆ ಸಾಕು. ಪತ್ರ ಕಾಲುಭಾಗಕ್ಕೆ ಇಳಿಯುತ್ತದೆ. ಕ್ಯಾಮರಾ ಮಾತ್ರ ಇಡೀ ಬಸದಿಯನ್ನು ಒಮ್ಮೆಗೆ ಗ್ರಹಿಸುವುದಿಲ್ಲ. ಚಿತ್ರವನ್ನು ಎಂಟಕ್ಕೆ ಎಂಟರ ಪುಟ್ಟ ಚೌಕಗಳಾಗಿ ವಿಂಗಡಿಸುತ್ತದೆ. ಪ್ರತಿ ಚೌಕದ ಅರುವತ್ನಾಲ್ಕು ಚುಕ್ಕಿಗಳನ್ನು ಬಿಡಿಬಿಡಿಯಾಗಿ ಬರೆಯುವ ಬದಲು, ಚೌಕದ ಸರಾಸರಿ ಬೆಳಕು ಎಷ್ಟು, ಅದು ಎಷ್ಟು ನಿಧಾನವಾಗಿ ಅಥವಾ ವೇಗವಾಗಿ ಏರಿಳಿಯುತ್ತದೆ ಎಂದು ಬರೆಯುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗದ ಅತಿಸೂಕ್ಷ್ಮ ಏರಿಳಿತಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದು ಮತ್ತೆ ಬಾರದು.

ಆದಕಾರಣ ಎಲ್ಲ ಚಿತ್ರಗಳ ಗಾತ್ರವೂ ಒಂದೇ ಅಲ್ಲ. ಗೊಮ್ಮಟನ ಬೆನ್ನ ಹಿಂದಿನ ಶುಭ್ರ ಆಕಾಶದ ಚೌಕಗಳಿಗೆ ಸರಾಸರಿಯೊಂದೇ ಬಹುಮಟ್ಟಿಗೆ ಸಾಕಾಗುತ್ತದೆ. ಮಲ್ಲಿಗೆಯ ರಾಶಿ, ಮಣಿಪಾಲದ ಎಂಡ್ ಪಾಯಿಂಟಿನಿಂದ ಕಾಣುವ ಸ್ವರ್ಣಾ ನದಿಯ ದಡದ ದಟ್ಟ ಮರಗಳು, ಪರ್ಯಾಯದ ರಾತ್ರಿ ರಥಬೀದಿಯಲ್ಲಿ ಕಿಕ್ಕಿರಿದ ಜನ, ಇವುಗಳಲ್ಲಿ ಪ್ರತಿಯೊಂದು ಚೌಕವೂ ಬೇರೆ, ಬರೆಯಬೇಕಾದದ್ದು ಹೆಚ್ಚು. ಕತ್ತಲಲ್ಲಿ ತೆಗೆದ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವ ಚುಕ್ಕಿಗಳೂ ಜಾಗವನ್ನು ತಿನ್ನುತ್ತವೆ. ಕ್ಯಾಮರಾ ತೋರಿಸುವ ಉಳಿಕೆಯ ಅಂಕಿ ಒಂದು ಅಂದಾಜು ಮಾತ್ರ. ಆಕಾಶದ ಚಿತ್ರ ತೆಗೆದ ಮೇಲೂ ಆ ಅಂಕಿ ಕೆಲವೊಮ್ಮೆ ಇಳಿಯದೆ ನಿಂತಿರುವುದನ್ನು ನೀವೂ ನೋಡಬಹುದು.

ಎಷ್ಟು ಎಂಬ ಪ್ರಶ್ನೆಗೆ ಮೊತ್ತಮೊದಲು ಉತ್ತರ ಕೊಡಬೇಕಾದವರು ಕೊಡಾಕ್ ಕಂಪನಿಯ ತರುಣ ಇಂಜಿನಿಯರ್ ಸ್ಟೀವನ್ ಸ್ಯಾಸನ್. 1975ರಲ್ಲಿ ಅವರು ಮಾಡಿದ ಡಿಜಿಟಲ್ ಕ್ಯಾಮರಾದ ಚಿತ್ರದಲ್ಲಿದ್ದುದು ಕೇವಲ 10,000 ಚುಕ್ಕಿಗಳು. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನಲ್ಲಿ ಬರೆದುಕೊಳ್ಳಲು 23 ಸೆಕೆಂಡು. ಒಂದು ಕ್ಯಾಸೆಟ್ಟಿಗೆ 30 ಚಿತ್ರವೆಂದು ಅವರೇ ಗೊತ್ತುಮಾಡಿದರು. ಟೇಪಿನಲ್ಲಿ ಹೆಚ್ಚು ಜಾಗವಿತ್ತು. ಆದರೆ ಫಿಲ್ಮಿನ 24 ಮತ್ತು 36ರ ನಡುವಿನ ಸಂಖ್ಯೆಯಾದರೆ ಜನರಿಗೆ ಒಗ್ಗುತ್ತದೆಂದು ಅವರ ಎಣಿಕೆ. ಇಂದು 64 ಗಿಗಾಬೈಟಿನ ಕಾರ್ಡು ಸಾಮಾನ್ಯ. 4 ಮೆಗಾಬೈಟಿನ ಲೆಕ್ಕದಲ್ಲಿ ಅದು 16,000 ಚಿತ್ರಗಳನ್ನು ಹಿಡಿಯುತ್ತದೆ.

ಈಗ 76ರ ಮರ್ಮಕ್ಕೆ ಬರೋಣ. ನಮ್ಮ ಚಿತ್ರಕಲೆಯ ಅಧ್ಯಾಪಕರು ಕ್ಯಾಮರಾವನ್ನು 'ರಾ' ಎಂಬ ಕ್ರಮಕ್ಕೆ ಹೊಂದಿಸಿಟ್ಟಿದ್ದರು. ಕ್ಯಾಮರಾದ ಸಂವೇದಕ ಗ್ರಹಿಸಿದ ಬೆಳಕನ್ನು ಏನೂ ಬಿಡದೆ, ಬೇಯಿಸದ ಅಕ್ಕಿಯಂತೆ ಇದ್ದುದಿದ್ದಂತೆಯೇ ಇಡುವ ಕ್ರಮವದು. ಸಂವೇದಕದ ಪ್ರತಿ ಚುಕ್ಕಿಯೂ ಮೂರು ಬಣ್ಣಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಒಂದು ಅಳತೆಗೆ 14 ಬಿಟ್. ಗುಣಿಸಿ ನೋಡಿ, 21 ಮೆಗಾಬೈಟ್ ಬರುತ್ತದೆ. ಅದರೊಡನೆ ಜೆಪೆಗ್ ಪ್ರತಿಯೂ ಒಂದಿರಲೆಂದು ಏರ್ಪಡಿಸಿದ್ದುದರಿಂದ ಇನ್ನು ನಾಲ್ಕು ಸೇರಿ 25. ಅವರ ಹಳೆಯ ಇಪ್ಪತ್ತು ಜೆಪೆಗ್ ಚಿತ್ರಗಳು 80 ಮೆಗಾಬೈಟ್ ಹಿಡಿದಿದ್ದವು. ಉಳಿದ 1920ನ್ನು 25ರಿಂದ ಭಾಗಿಸಿದರೆ 76. ಕ್ಯಾಮರಾ ಬೆಳಿಗ್ಗೆಯೇ ಸತ್ಯ ಹೇಳಿತ್ತು.

ಐನೂರರ ಧೈರ್ಯದಲ್ಲಿ ಮಕ್ಕಳು ಮಣಿಪಾಲದಲ್ಲಿ 18 ಚಿತ್ರ ತೆಗೆದರು. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತವಾದ 42 ಅಡಿಯ ಏಕಶಿಲಾ ಮೂರ್ತಿಯ ಪಾದ, ಬೆರಳು, ಮುಖ, ಅದರ ಮುಂದೆ ಒಬ್ಬೊಬ್ಬರಾಗಿ ತಾವು, ಹೀಗೆ ಉಳಿದ 58 ಮುಗಿದವು. ಕಾಪುವಿಗೆ ಬಂದಾಗ ಸೂರ್ಯ ನೀರಿಗೆ ತಾಗಲು ಎರಡು ಗೇಣಿತ್ತು. 1901ರ ದೀಪಸ್ತಂಭ ಬಂಡೆಯ ಮೇಲೆ ಕಪ್ಪಗೆ ನಿಂತಿತ್ತು. ಹುಡುಗ ಕ್ಯಾಮರಾ ಎತ್ತಿದ; ಕಾರ್ಡು ತುಂಬಿದೆ ಎಂಬ ಬರೆಹ ಮೂಡಿತು.

"ಸಾರ್, ಇದರಲ್ಲಿ ಯಾರದೋ ಹಳೆಯ ಚಿತ್ರಗಳಿವೆ. ಅಳಿಸಲೇ?"

"ಬೇಗ ಅಳಿಸು, ಸೂರ್ಯ ಮುಳುಗುತ್ತಾನೆ" ಎಂದೆ. ನನ್ನ ಕಣ್ಣು ಸಮುದ್ರದ ಮೇಲಿತ್ತು.

ಇಪ್ಪತ್ತು ಚಿತ್ರಗಳು ಹೋದವು. ಎರಡು ಚಿತ್ರ ತೆಗೆದ ಮೇಲೆ ನನಗೆ ಬೆಳಗಿನ ಮಾತು ನೆನಪಾಯಿತು. ಕ್ಯಾಮರಾವನ್ನು ಕಸಿದುಕೊಂಡು ಆರಿಸಿದೆ.

ಆ ಸಂಜೆ ನನಗೆ ತಿಳಿಯದಿದ್ದ ಒಂದು ಸಂಗತಿಯಿದೆ. ಕಾರ್ಡಿನಲ್ಲಿರುವ ಫ್ಲ್ಯಾಶ್ ಸ್ಮೃತಿ 1980ರ ದಶಕದಲ್ಲಿ ಜಪಾನಿನ ತೋಶಿಬಾ ಕಂಪನಿಯ ಫುಜಿಯೊ ಮಸುವೊಕ ಕಂಡುಹಿಡಿದದ್ದು. ಕೋಟ್ಯಂತರ ಸೂಕ್ಷ್ಮ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ, ವಿದ್ಯುತ್ತು ಇಲ್ಲದಿದ್ದರೂ ಅವು ಹೊರಬಾರದಂತೆ ಅದು ಕಾಯುತ್ತದೆ. ಚಿತ್ರವನ್ನು ಅಳಿಸೆಂದಾಗ ಕ್ಯಾಮರಾ ಸಾಮಾನ್ಯವಾಗಿ ಈ ಕೋಶಗಳನ್ನು ಮುಟ್ಟುವುದಿಲ್ಲ. ಪುಸ್ತಕದ ಪರಿವಿಡಿಯಿಂದ ಪಾಠದ ಹೆಸರನ್ನು ಹೊಡೆದುಹಾಕಿದಂತೆ, ಆ ಜಾಗ ಖಾಲಿಯೆಂದು ಗುರುತು ಹಾಕುತ್ತದೆ. ಪುಟಗಳು ಹಾಗೆಯೇ ಇರುತ್ತವೆ. ಅವುಗಳ ಮೇಲೆ ಹೊಸದನ್ನು ಬರೆದಾಗಲೇ ಹಳೆಯದು ನಾಶವಾಗುವುದು.

ಮರುದಿನ ಅಧ್ಯಾಪಕರಿಗೆ ವಿಷಯ ತಿಳಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಹಿಂದಿನ ತಿಂಗಳು ತೀರಿಕೊಂಡ ತಾಯಿಯ ಕಡೆಯ ಚಿತ್ರ ಅದರಲ್ಲಿತ್ತು. ಅಂಗಳದಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದ ಚಿತ್ರ. ಇಬ್ಬರೂ ಉಡುಪಿಯಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ತರುಣನ ಬಳಿಗೆ ಹೋದೆವು. ಎರಡು ಚಿತ್ರಕ್ಕೆ 50 ಮೆಗಾಬೈಟ್. ಎಂದರೆ ಹಳೆಯ ಚಿತ್ರಗಳಲ್ಲಿ ಮೊದಲ ಹನ್ನೆರಡರ ಮೇಲೆ ಕಾಪುವಿನ ಸಮುದ್ರ ಪೂರ್ತಿ ಹರಡಿತ್ತು. ಕೊನೆಯ ಏಳು ಮುಕ್ಕಾಗದೆ ದೊರೆತವು. ತಾಯಿಯ ಚಿತ್ರ ಹದಿಮೂರನೆಯದು.

ಅದರ ಮೊದಲರ್ಧ ಹೋಗಿತ್ತು, ಅದರೊಡನೆ ಚಿತ್ರವನ್ನು ಓದುವ ಕ್ರಮವನ್ನು ತಿಳಿಸುವ ತಲೆಬರೆಹವೂ ಹೋಗಿತ್ತು. ತರುಣ ಅದೇ ಕ್ಯಾಮರಾದ ಇನ್ನೊಂದು ಚಿತ್ರದ ತಲೆಬರೆಹವನ್ನು ಇದಕ್ಕೆ ಜೋಡಿಸಿ ಎರಡು ದಿನ ಪ್ರಯತ್ನಿಸಿದ. ಕಡೆಗೆ ಪರದೆಯ ಮೇಲೆ ಕೆಳಗಿನ ಅರ್ಧ ಮೂಡಿತು. ಬಣ್ಣ ತುಸು ಹಸುರಿಗೆ ತಿರುಗಿತ್ತು. ಮುಖವಿರಲಿಲ್ಲ. ಸೀರೆಯ ನೆರಿಗೆ, ಮಡಿಲಲ್ಲಿ ಮಲ್ಲಿಗೆ, ಬಾಳೆಯ ನಾರನ್ನು ಹಿಡಿದ ಎರಡು ಕೈಗಳು.

ಅಧ್ಯಾಪಕರು ಪರದೆಯ ಹತ್ತಿರ ಬಾಗಿ ನೋಡಿದರು. "ಹೌದು, ಅಮ್ಮನ ಕೈಯೇ. ಇದನ್ನೇ ಅಚ್ಚು ಹಾಕಿಕೊಡಿ" ಎಂದರು.